ಮಂಜನಿಗೆ, ರೋಲಾಂಡ್ಸೆಕ್ ಸ್ಟೇಷನ್ನಿನಿಂದ

ಪ್ರೀತಿಯ ಮಂಜ,

ವಾಟ್ಸಾಪಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಈಗ ಹೇಗೆ ತಪ್ಪಿಸಿಕೊಳ್ಳುತ್ತೀಯೋ ನೋಡೋಣ.

ಮೊನ್ನೆ ಮತ್ತೆ ರೋಲಾಂಡ್ಸೆಕ್‌ಗೆ ಹೋಗಿದ್ದೆ. ಇಲ್ಲಿ ಜರ್ಮನಿಯ ಬಾನ್ ನಗರದಿಂದ ರೈನ್ ನದಿಯ ದಡ ಹಿಡಿದು ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಸಿಗುತ್ತದೆ. ರೆಮಾಗೆನ್ ಅನ್ನೋ ಸಣ್ಣ ಪಟ್ಟಣಕ್ಕೆ ಸೇರಿದ ಜಾಗ. ದೊಡ್ಡ ಗಾಡಿಗಳು ನಿಲ್ಲದೆ ಓಡುತ್ತವೆ, ಲೋಕಲ್ ಗಾಡಿ ಮಾತ್ರ ನಿಲ್ಲುತ್ತದೆ. ಇಳಿದು ನೋಡಿದರೆ ಸ್ಟೇಷನ್ ಕಟ್ಟಡ ಯಾವುದೋ ದೊಡ್ಡ ಬಂಗಲೆ. ನದಿ ಕಡೆಗೆ ಎರಕದ ಕಬ್ಬಿಣದ ಕಂಬಗಳ ಉದ್ದನೆ ಜಗಲಿ. ಒಳಗೆ ಸಮಾರಂಭಕ್ಕೆ ಅಂತಲೇ ಕಟ್ಟಿದ ಹಾಲ್. ಇಷ್ಟು ಚಿಕ್ಕ ಊರಿಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನಿಸುತ್ತೆ, ಅಲ್ವಾ?

1856ರಲ್ಲಿ ಕಲೋನ್ ಕಡೆಯಿಂದ ಬಂದ ಹಳಿ ಇಲ್ಲಿಗೇ ಮುಗಿಯುತ್ತಿತ್ತು ಕಣೋ. ಮುಂದೆ ಹೋಗುವವರು ಗಾಡಿ ಇಳಿದು ಸ್ಟೀಮರ್ ಹತ್ತಬೇಕಿತ್ತು. ರೈನ್ ನೋಡೋಕೆ ಅಂತಲೇ ದೂರದಿಂದ ಜನ ಬರುತ್ತಿದ್ದ ಕಾಲ. ಎದುರಿಗೇ ನದಿ, ನಡುವೆ ನೊನ್ನೆನ್ವೆರ್ತ್ ದ್ವೀಪ, ಆಚೆ ದಡದಲ್ಲಿ ಡ್ರಾಖನ್‌ಫೆಲ್ಸ್ ಬೆಟ್ಟ. ಕೂತು ಊಟ ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗಬೇಕು? ಆದರೆ 1858ರಲ್ಲಿ ಕಟ್ಟಡದ ಕೆಲಸ ಮುಗಿಯೋ ವರ್ಷವೇ ಹಳಿ ರೆಮಾಗೆನ್ ದಾಟಿ ಕೊಬ್ಲೆಂಜ್ ಮುಟ್ಟಿತು. ಇಲ್ಲಿ ಎಲ್ಲರೂ ಇಳಿಯಲೇಬೇಕು ಅನ್ನೋ ಕಾರಣವೇ ಹೋಯಿತು.

ಆಮೇಲೆ ನೂರು ವರ್ಷದಲ್ಲಿ ಕಟ್ಟಡ ಹಾಳುಬಿತ್ತು. ಕೆಡವೋದು ಅಂತಲೂ ಆಗಿತ್ತು. 1964ರಲ್ಲಿ ಯೋಹಾನೆಸ್ ವಾಸ್ಮುತ್ ಅನ್ನೋ ಬಾನ್‌ನ ಒಬ್ಬ ಕಲಾ ಗ್ಯಾಲರಿಯವರು ಬಂದು ಹಿಡಿದುಕೊಂಡರು. ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವುದು ಈ ಮನುಷ್ಯ. ಅವರು ಸ್ಟೇಷನ್ನಿಗೆ ಸ್ನೇಹಿತರನ್ನು ಕರೆದರು, ಅಷ್ಟೇ. ಸ್ನೇಹಿತರು ಅಂದರೆ ಯಾರು ಗೊತ್ತಾ? ಶಿಲ್ಪಿ ಹಾನ್ಸ್ ಆರ್ಪ್, ಚಿತ್ರಕಾರ ಕೊಕೋಷ್ಕಾ, ಪಿಯಾನೋದ ಸ್ಟೆಫಾನ್ ಆಸ್ಕೆನಾಸೆ, ಮೂಕಾಭಿನಯದ ಮಾರ್ಸೆಲ್ ಮಾರ್ಸೊ. ಪಿಟೀಲಿನ ಯೆಹೂದಿ ಮೆನುಹಿನ್ ಕೂಡ. ಅದೇ, ನಮ್ಮ ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಹತ್ರ ಯೋಗ ಕಲಿತವರು. ಬಂದವರು ಚಿತ್ರ ಬರೆದರು, ಕಛೇರಿ ಮಾಡಿದರು. ಕೆಡವುವ ಮಾತು ನಿಂತುಹೋಯಿತು. 2007ರಲ್ಲಿ ಆರ್ಪ್ ಹೆಸರಿನ ಮ್ಯೂಸಿಯಂ ತೆರೆದಾಗ ಈ ಸ್ಟೇಷನ್ನೇ ಅದರ ಬಾಗಿಲಾಯಿತು.

ಜಗಲಿಯಲ್ಲಿ ಕಾಫಿ ತಗೊಂಡು ಕೂತಿದ್ದೆ. ಹಿಂದಿನ ಹಳಿಯಲ್ಲಿ ಒಂದು ಗೂಡ್ಸ್ ಗಾಡಿ ಬಂತು. ಸಾಸರ್ ಮೇಲಿನ ಚಮಚ ಸಣ್ಣಗೆ ಕುಣಿಯೋಕೆ ಶುರುಮಾಡಿತು. ಗಾಡಿ ಉದ್ದವಿತ್ತು, ಮುಗಿಯಲೇ ಇಲ್ಲ. ಪಕ್ಕದ ಮೇಜಿನ ಅಜ್ಜಿ ಮಾತು ಅರ್ಧಕ್ಕೆ ನಿಲ್ಲಿಸಿ, ಕಪ್ಪಿನ ಮೇಲೆ ಕೈ ಇಟ್ಟು, ಗಾಡಿ ದಾಟಿದ ಮೇಲೆ ಮತ್ತೆ ಅಲ್ಲಿಂದಲೇ ಶುರುಮಾಡಿದರು. ಎಷ್ಟೋ ಕಾಲದಿಂದ ಹೀಗೇ ಮಾಡಿ ರೂಢಿ ಇರೋರ ಥರ.

ಅಲ್ಲೇ ನನಗೆ ಒಂದು ಥರ ಆಯಿತು ಮಂಜ. ಗಾಡಿ ನಿಲ್ಲದೆ ಹೋಗೋ ಜಾಗದಲ್ಲೂ ಆ ಮನುಷ್ಯ ಜನ ಸೇರಿಸಿದರು. ನಾನು ಇಲ್ಲಿಗೆ ಬಂದು ಇಷ್ಟು ವರ್ಷ ಆಯಿತು, ನನ್ನ ಮನೆ ಬಾಗಿಲನ್ನು ಹೇಳದೆ ಕೇಳದೆ ತಟ್ಟಿದವರು ಒಬ್ಬರೂ ಇಲ್ಲ. ಜನ ಒಳ್ಳೆಯವರೇ. ನಾನೇ ಯಾರನ್ನೂ ಅಷ್ಟು ಹತ್ತಿರ ಬಿಟ್ಟುಕೊಂಡಿಲ್ಲ. ಹೇಗೂ ಊರಿಗೆ ವಾಪಸ್ ಹೋಗುವವನು ತಾನೇ ಅಂತ. ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. ಅಪ್ಪ ತೀರಿಕೊಂಡ ವರ್ಷ ನಾನು ಊರಿಂದ ತಂದ ಅವರ ಫೋಟೊ ಇನ್ನೂ ಸೂಟ್‌ಕೇಸಲ್ಲಿ ಪಂಚೆ ಸುತ್ತಿಕೊಂಡು ಮಲಗಿದೆ. ಅದನ್ನು ಗೋಡೆಗೆ ಹಾಕಿದರೆ ಇದೇ ನನ್ನ ಮನೆ ಅಂತ ಆಗಿಬಿಡುತ್ತೆ. ಆಮೇಲೆ ಅಲ್ಲಿಯ ಮನೆ ಏನಾಗುತ್ತೆ? ರಾತ್ರಿ ನಿದ್ದೆ ಬರದಿದ್ದಾಗ ಇದೇ ಯೋಚನೆ. ವಾಪಸ್ ಬರುತ್ತೇನೋ ಇಲ್ಲವೋ, ನಿಜವಾಗಿ ನನಗೂ ಗೊತ್ತಿಲ್ಲ ಕಣೋ. ಇದನ್ನು ಯಾರಿಗೂ ಹೇಳಿರಲಿಲ್ಲ.

ಸರಿ ಬಿಡು, ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಅಕ್ಕ ಇದನ್ನು ಓದಿ ನಿನಗೆ ಫೋನ್ ಮಾಡುತ್ತಾಳೆ. ಊಟ ತಿಂಡಿ ಸರಿಯಾಗಿ ಮಾಡುತ್ತಿದ್ದಾನೆ ಅಂತ ಹೇಳು.

ನೀನು ಬೇಸಿಗೆಯಲ್ಲಿ ಬಾ. ಕಲೋನ್‌ನಲ್ಲಿ ಇಳಿದರೆ ಕೊಬ್ಲೆಂಜ್ ಕಡೆಯ ಲೋಕಲ್ ಹಿಡಿ. ಎಡಗಡೆ ಕಿಟಕಿ ಪಕ್ಕ ಕೂರು, ನದಿ ಆ ಕಡೆಗೇ. ಸ್ಟೇಷನ್ನಿನಿಂದ ಗುಡ್ಡದೊಳಗೆ ಸುರಂಗ ಇದೆ. ಅದರ ಕೊನೆಯಲ್ಲಿ ಲಿಫ್ಟ್ ಹತ್ತಿದರೆ ವಾಸ್ತುಶಿಲ್ಪಿ ರಿಚರ್ಡ್ ಮೈಯರ್ ಕಟ್ಟಿದ ಬೆಳ್ಳನೆ ಮ್ಯೂಸಿಯಂ. ಅದನ್ನು ನೀನು ನಿಧಾನವಾಗಿ ನೋಡು, ನಾನು ಜಗಲಿಯಲ್ಲಿ ಜಾಗ ಹಿಡಿದಿರುತ್ತೇನೆ. ಬರುವಾಗ ಸುತ್ತಿಗೆ, ಮೊಳೆ ಏನೂ ತರಬೇಡ, ಇಲ್ಲೇ ಕೊಳ್ಳೋಣ. ಹುರಿಗಡಲೆ ಚಟ್ನಿಪುಡಿ ತಾ. ಆ ಹಸಿರು ಛತ್ರಿ ಮಾತ್ರ ದಮ್ಮಯ್ಯ ಅಂತೀನಿ, ಊರಲ್ಲೇ ಬಿಟ್ಟು ಬಾ.

ನಿನ್ನ,
ರವಿ