ಸಣ್ಣ ಗುಂಡಿನ ಭಯ

ಪ್ರೀತಿಯ ಮಂಜು,

ಸೈನ್ಯದ ಟ್ರೈನಿಂಗ್‌ನಿಂದ ನೀನು ಬರೆದ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ, ಒಂದು ಸಾಲು ಬಿಟ್ಟು. "ಈ ಸಣ್ಣ ಗುಂಡು ತಗುಲಿದರೂ ಎದುರಿನವನು ಬೀಳದಿದ್ದರೆ ಏನು ಗತಿ ದೊಡ್ಡಪ್ಪ?" ಅಂತ ಬರೆದಿದ್ದೀಯಲ್ಲ, ಅದು. ರಾತ್ರಿ ನಿದ್ದೆ ಹತ್ತಲಿಲ್ಲ.

ಸುಳ್ಳು ಹೇಳಲ್ಲ. ನಮ್ಮ ಕಾಲದ ಎಸ್‌ಎಲ್‌ಆರ್ ರೈಫಲ್‌ನ 7.62 ಮಿ.ಮೀ. ಗುಂಡು 9 ಗ್ರಾಂ ಮೇಲೆ ತೂಗುತ್ತಿತ್ತು, ನಿನ್ನ ಇನ್ಸಾಸ್ ರೈಫಲ್‌ನ 5.56 ಮಿ.ಮೀ. ಗುಂಡು ಸುಮಾರು 4 ಗ್ರಾಂ. ದೂರಕ್ಕೆ ನಮ್ಮದರ ಹೊಡೆತವೇ ಜಾಸ್ತಿ. ಆದರೆ ನಿನ್ನದು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೋಗುತ್ತದೆ, ಮೈ ಹೊಕ್ಕ ಮೇಲೆ ಅಡ್ಡ ತಿರುಗುತ್ತದೆ. ಬೀಳಿಸಲ್ಲ ಅನ್ನೋದು ಸುಮ್ನೆ ಮಾತು. ನಾವು 100 ಗುಂಡಿಗೆ ಎರಡೂಕಾಲು ಕೆಜಿ ಮೇಲೆ ಹೊರುತ್ತಿದ್ದೆವು, ನಿನಗೆ ಅದರ ಅರ್ಧ. ನಿನ್ನ ಜೊತೆಗಾರ ಬೇಕು ಅನ್ನುವ ಎಕೆ ರೈಫಲ್ ಧೂಳು ಕೆಸರಿಗೆ ಜಗ್ಗಲ್ಲ, ನಿಜ, ಆದರೆ 300 ಮೀಟರ್ ದಾಟಿದರೆ ಅದರ ಗುಂಡು ಬೇಗ ಇಳಿಯುತ್ತದೆ, ಗ್ರೂಪಿಂಗೂ, ಅಂದರೆ ಗುಂಡುಗಳು ಒಂದೇ ಕಡೆ ಬೀಳೋದೂ, ಅಷ್ಟು ಬಿಗಿಯಾಗಿ ಬರಲ್ಲ. 1999ರಲ್ಲಿ ಕಾರ್ಗಿಲ್ ಚಳಿಗೆ ಇನ್ಸಾಸ್‌ನ ಗುಂಡು ತುಂಬುವ ಡಬ್ಬಿ, ಮ್ಯಾಗಜೀನ್, ಬಿರುಕು ಬಿಟ್ಟಿದ್ದೂ ನಿಜ.

ಬೀಳದಿದ್ದರೆ ಅಂತೀಯ. ನಾನೂ ಹೀಗೇ ಹೆದರಿದ್ದೆ, ಬೇರೆ ಥರ. ನನ್ನ ಗುಂಡುಗಳು ಟಾರ್ಗೆಟ್ ತುಂಬ ಚೆಲ್ಲಾಡುತ್ತಿದ್ದವು. ಬ್ಯಾರಲ್ ಸವೆದಿದೆ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ, ರೈಫಲ್ ಬದಲಾಯಿಸಿಕೊಂಡೆ. ಆಮೇಲೆ ಒಂದು ದಿನ ಗುಂಡು ಹೊಡೆಯೋದು ಕಲಿಸುವ ಉಸ್ತಾದರು ಹೇಳದೆ ಕೇಳದೆ ಮ್ಯಾಗಜೀನ್ ನಡುವೆ ಮದ್ದಿಲ್ಲದ ಡಮ್ಮಿ ರೌಂಡ್ ತುಂಬಿಸಿದರು. ಟ್ರಿಗರ್ ಒತ್ತಿದೆ. ಬರೀ ಟಕ್ ಅಂತು, ಗುಂಡು ಹಾರಲೇ ಇಲ್ಲ, ಆದರೂ ರೈಫಲ್ ಮೂತಿ ಗೇಣುದ್ದ ಕೆಳಗೆ ಬಾಗಿತು. ಭುಜಕ್ಕೆ ಬೀಳುವ ಪೆಟ್ಟಿಗೆ ಹೆದರಿ ಮೊದಲೇ ಕಣ್ಣು ಮುಚ್ಚುತ್ತಿದ್ದೆ ಕಣೋ.

ಅಷ್ಟರಲ್ಲಿ ನಾನು ಬಿಟ್ಟ ರೈಫಲ್ ಪಾವಗಡ ಕಡೆಯ ಹುಡುಗನೊಬ್ಬನ ಕೈ ಸೇರಿತ್ತು. ನನ್ನ ಮಾತು ನಂಬಿ, ನಡುಗುವ ಕೈಯಲ್ಲೇ ಹೊಡೆದು ಫೇಲಾದ. ತಪ್ಪು ನನ್ನದು ಅಂತ ಅವನಿಗೆ ಹೇಳಲಿಲ್ಲ, ಈಗ ಹೇಳೋಣ ಅಂದರೆ ಎಲ್ಲಿದ್ದಾನೋ.

ಅದಕ್ಕೇ ಆ ಸಾಲು ನನ್ನನ್ನು ಬಿಡುತ್ತಿಲ್ಲ. ಯಾರೋ ಹೇಳಿದ್ದು ನಿನ್ನ ಕೈಗೂ ಇಳಿದುಬಿಟ್ಟರೆ? ಖಾಲಿ ರೈಫಲ್‌ನ ಬ್ಯಾರಲ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಬೀಳದ ಹಾಗೆ ಟ್ರಿಗರ್ ಒತ್ತಿ ನೋಡು. ಈಗ ಹೇಗೆ ಕಲಿಸ್ತಾರೋ, ಉಸ್ತಾದರು ಬೇಡ ಅಂದರೆ ಬಿಡು. ರೈಫಲ್‌ನ ಗ್ಯಾಸ್ ಸಿಲಿಂಡರ್, ಆ ಮಸಿ ಕಟ್ಟುವ ಕೊಳವೆ, ಮಾತ್ರ ದಿನಾ ಒರೆಸು.

ಗ್ರೂಪಿಂಗ್ ಎಷ್ಟು ಬಂತು ಬರಿ. ಆ ಭಯ ಇನ್ನೂ ಇದ್ದರೆ ಅದನ್ನೂ ಬರಿ, ಆದರೆ ಬೇರೆ ಹಾಳೆಯಲ್ಲಿ. ನಿಮ್ಮಮ್ಮ ಈಗ ಪಕ್ಕದಲ್ಲೇ ಕೂತು ಅಕ್ಷರ ನೋಡ್ತಾಳೆ.

ನಿನ್ನ ದೊಡ್ಡಪ್ಪ,
ಶಿರಾ