ನಿನ್ನ ನೆರಳಿಗೆ ಯಾವ ಬಣ್ಣ ಹಾಕಲಿ?

ಮಣಿ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಮಸ್ಕತ್ ಬಿಸಿಲಿನ ಪುರಾಣ ನಿನ್ನ ಸ್ಟೇಟಸ್‌ನಲ್ಲೇ ಓದುತ್ತಿದ್ದೇನೆ. ಹೊಸಪೇಟೆಯ ಎರಡನೇ ಇಡ್ಲಿಯ ವಿಷಯವನ್ನೂ ಎತ್ತುವುದಿಲ್ಲ. ಇಲ್ಲಿ ನಾಲ್ಕು ಜನ ಓದುತ್ತಾರೆ.

ನಿನ್ನೆ ರಾತ್ರಿ ನೀನು ತೆಗೆದ ಹಂಪಿ ಫೋಟೋ ಎದುರಿಗಿಟ್ಟುಕೊಂಡು ಒಂದು ಆಯಿಲ್ ಸ್ಕೆಚ್ ಮಾಡಲು ಕೂತೆ. ಹೇಮಕೂಟದ ಮೇಲೆ ಸೂರ್ಯಾಸ್ತಕ್ಕೆ ಬಂದವರೆಲ್ಲ ಪಡುವಣಕ್ಕೆ ಫೋನ್ ಎತ್ತಿ ನಿಂತಿದ್ದರೆ, ನೀನೊಬ್ಬ ಸೂರ್ಯನಿಗೆ ಬೆನ್ನು ಹಾಕಿ ಮತಂಗ ಬೆಟ್ಟವನ್ನು ಕ್ಲಿಕ್ಕಿಸಿದ್ದೆ. ಆಗ ನಾನು ನಕ್ಕಿದ್ದೆ. ಈಗ ನೋಡಿದರೆ ಬೆಳಕೆಲ್ಲ ಆ ಕಡೆಯೇ ಬಿದ್ದಿತ್ತು ಕಣೋ.

ಮುಕ್ಕಾಲು ಗಂಟೆಯೊಳಗೆ ಮುಗಿಸಬೇಕು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಸಣ್ಣ ಕ್ಯಾನ್ವಾಸ್ ಬೋರ್ಡ್, 8 ಇಂಚಿಗೆ 10 ಇಂಚು. ಮೊದಲು ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣಕ್ಕೆ ಟರ್ಪೆಂಟೈನ್ ಹಾಕಿ ತೆಳ್ಳಗೆ ಬಳಿದು, ಹಳೇ ಬನಿಯನ್ನಿನಲ್ಲಿ ಒರೆಸಿದೆ. ಬರೀ ಬಿಳಿಯ ಮೇಲೆ ಯಾವ ಬಣ್ಣ ಇಟ್ಟರೂ ಇರುವುದಕ್ಕಿಂತ ಗಾಢವಾಗಿ ಕಂಡು ಮೋಸ ಮಾಡುತ್ತದೆ, ಅದಕ್ಕೆ. ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡಬೇಕು. ಸಾವಿರ ಬಂಡೆ ಮಾಯವಾಗಿ ಆಕಾಶ, ಬೆಟ್ಟ, ನಡುವಿನ ರಾಶಿ, ಕಾಲಡಿಯ ಹಾಸುಬಂಡೆ ಇಷ್ಟೇ ಉಳಿಯುತ್ತದೆ. ಅಗಲ ಬ್ರಷ್ಷಿನಲ್ಲಿ ಅದನ್ನೇ ಹಾಕಿದೆ. ಹಸಿರು ಟ್ಯೂಬ್ ಮುಟ್ಟಲಿಲ್ಲ. ಮಣ್ಣಿನ ಹಳದಿ ಯೆಲ್ಲೋ ಓಕರ್‌ಗೆ ಕಡುನೀಲಿ ಅಲ್ಟ್ರಾಮರೀನ್ ಬೆರೆಸಿದರೆ ಬರುವ ಮಂಕು ಹಸಿರೇ ಅಲ್ಲಿನ ಕುರುಚಲು ಗಿಡಕ್ಕೆ ಸರಿ. ಅರ್ಧ ಗಂಟೆಗೆಲ್ಲ ಹಂಪಿ ಅಂತ ಗುರುತು ಸಿಗುವ ಹಾಗಾಯಿತು.

ಸಿಕ್ಕಿಹಾಕಿಕೊಂಡಿದ್ದು ಕಾಲಡಿಯಲ್ಲಿ. ಆ ಹಾಸುಬಂಡೆಯ ಮೇಲೆ ನಿನ್ನ ನೆರಳಿದೆ. ಉದ್ದಕ್ಕೆ, ಎರಡೂ ಮೊಣಕೈ ಎತ್ತಿಕೊಂಡು. ಇಂಥದ್ದನ್ನೆಲ್ಲ ಬಿಟ್ಟುಬಿಡುವುದೇ ಒಳ್ಳೆಯದು. ಆದರೆ ಬಿಡಲಾಗಲಿಲ್ಲ. ಫೋಟೋದಲ್ಲಿ ಅದು ಬರೀ ಕಪ್ಪು. ಬೆಳಕಿಗೆ ಹೊಂದಿಸಿಕೊಂಡ ಕ್ಯಾಮೆರಾ ನೆರಳಿನ ಒಳಗನ್ನು ಕೈಬಿಟ್ಟಿದೆ. ನಿಜವಾದ ನೆರಳು ಕಪ್ಪಲ್ಲ, ಅಲ್ವಾ? ಬಿಸಿಲು ತಾಗದ ಜಾಗಕ್ಕೂ ಮೇಲಿನಿಂದ ಆಕಾಶದ ನೀಲಿ ಇಳಿಯುತ್ತದೆ, ಪಕ್ಕದ ಬಂಡೆಯ ಕೆಂಪೂ ಚೂರು ಸೇರುತ್ತದೆ. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಹೂ ಬಿಟ್ಟ ಮರದ ಎದುರಿಗೇ ಹೋಗಿ ಬಣ್ಣ ಹಾಕುತ್ತಿದ್ದರು, ಅವರಿಗೆ ಈ ತಾಪತ್ರಯ ಇರಲಿಲ್ಲ. ನನಗಿರುವುದು ಟ್ಯೂಬ್‌ಲೈಟು ಮತ್ತು ಫೋನು. ಬಣ್ಣವನ್ನು ನೆನಪಿನಿಂದಲೇ ತರಬೇಕು.

ತರಲು ಹೋದರೆ ಬಣ್ಣ ಬರಲಿಲ್ಲ, ನಿನ್ನ ಮಾತು ಬಂತು. ಅವತ್ತು ನನ್ನ ಸ್ಕೆಚ್‌ಬುಕ್ ತಿರುವಿ ಹಾಕಿ, "ನಿನ್ನ ಬಂಡೆಗೆ ಭಾರವೇ ಇಲ್ಲ, ಊದಿದರೆ ಹಾರುತ್ತದೆ" ಅಂದಿದ್ದೆ. ಹೇಳಿಬಿಡುತ್ತೇನೆ ಮಣಿ. ನೀನು ವಿಮಾನ ಹತ್ತಿದ ದಿನ ಎಲ್ಲರಿಗೂ ಬೇಜಾರು. ನನಗೆ ಬೇಜಾರಿನ ಅಡಿಯಲ್ಲಿ ಸ್ವಲ್ಪ ಹಾಯೆನಿಸಿತ್ತು. ಇನ್ನು ಹಾಗೆ ಹೇಳುವವರು ಯಾರೂ ಇಲ್ಲವಲ್ಲ ಅಂತ. ಆಮೇಲೆ ಹಾಕಿದ್ದಕ್ಕೆಲ್ಲ ಸೂಪರ್, ಸೂಪರ್. ಯಾವುದಕ್ಕೆ ಜಾಸ್ತಿ ಸೂಪರ್ ಬೀಳುತ್ತದೆ ಅಂತಲೂ ಗೊತ್ತಾಗಿದೆ: ಆಕಾಶಕ್ಕೆ ಕಿತ್ತಳೆ ಸುರಿದರೆ. ಸುರಿಯುತ್ತಲೇ ಇದ್ದೇನೆ. ನಿನ್ನೆ ಆ ನೆರಳಿನ ಮುಂದೆ ಕೂತಾಗ, ನೀನು ನಿಂತ ಜಾಗದಿಂದ ನಾನು ಯಾವತ್ತಾದರೂ ನೋಡಿದ್ದೇನಾ ಅಂತ ಹೆದರಿಕೆಯಾಯಿತು. ಎಲ್ಲರ ಜೊತೆ ಸೂರ್ಯನ ಕಡೆಯೇ ತಿರುಗಿ ನಿಂತವನು ನಾನು.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಟರ್ಪೆಂಟೈನ್ ತಲೆಗೇರಿರಬೇಕು. ಕಿಟಕಿ ತೆಗೆದೆ.

ಕೊನೆಗೆ ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ಚೂರು ಬಿಳಿ ಕಲಸಿ, ಅಂದಾಜಿನ ಮೇಲೆ ನಿನ್ನನ್ನು ಮಲಗಿಸಿದ್ದೇನೆ. ಸೊಂಟ ಸ್ವಲ್ಪ ಅಗಲವಾಗಿದೆ. ಬ್ರಷ್ಷಿನ ಅಗಲ ಅದು, ನಿನ್ನ ಡಯಟ್ ಬಗ್ಗೆ ನಾನೇನೂ ಹೇಳುತ್ತಿಲ್ಲ. ಬಿಳಿ ದಪ್ಪಗೆ ಹಾಕಿದ್ದರಿಂದ ಇನ್ನೂ ಒಣಗಿಲ್ಲ. ಅಮ್ಮ ಅದರ ಮೇಲೆ ಹಾಲಿನ ಲೆಕ್ಕದ ಚೀಟಿ ಇಟ್ಟು, ಮತಂಗ ಬೆಟ್ಟದ ಮೇಲೆ ಈಗ ಅರ್ಧ ಲೀಟರಿನ ಅಚ್ಚು ಬಿದ್ದಿದೆ.

ಚಿತ್ರ ಕೆಳಗೆ ಹಾಕಿದ್ದೇನೆ. ಬಂಡೆ ಹಾರುತ್ತದಾ ನೋಡಿ ಹೇಳು. ನೀನೂ ಸೂಪರ್ ಅಂತ ಬರೆದೆಯೋ, ನಿನ್ನ ಮದುವೆ ಆಲ್ಬಮ್ಮಿನ ಆ ಫೋಟೋ ನಾಳೆಯೇ ಇಲ್ಲಿರುತ್ತದೆ.