ಕಣಕುಂಬಿಯ ಮಳೆ ಲೆಕ್ಕವನ್ನೂ ಪತ್ರಿಕೆಯಲ್ಲಿ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಮ್ಮದು ಬಾದಾಮಿ ತಾಲ್ಲೂಕು, ಮಲಪ್ರಭಾ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ, ನಮ್ಮೂರಲ್ಲಿ ಬಿದ್ದದ್ದು ಬರೀ ಜಿಟಿಜಿಟಿ ಮಳೆ. ಆದರೂ ಹೊಳೆ ಮನೆಯೊಳಗೆ ಬಂತು. ಪಡಸಾಲೆಯಲ್ಲಿ ಒಟ್ಟಿದ್ದ ಜೋಳದ ಚೀಲಗಳಲ್ಲಿ ಕೆಳಗಿನ ಎರಡು ಸಾಲು ನೆನೆದವು. ನೀರು ಇಳಿದ ಮೇಲೆ ಬಂದು ನೋಡಿದರೆ ಚೀಲದ ಎಳೆಗಳ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತಿತ್ತು. ಆ ಹುಳಿ ವಾಸನೆ ಇನ್ನೂ ಮರೆತಿಲ್ಲ.

ಹೊಳೆ ಏರಿಸಿದ ಮಳೆ ಬಿದ್ದದ್ದು ಘಟ್ಟದ ಸೀಮೆಯ ಖಾನಾಪುರದ ಕಡೆ. ಹೊಳೆ ಹುಟ್ಟುವ ಕಣಕುಂಬಿ ಅಲ್ಲೇ ಇದೆ. ಅಲ್ಲಿ ಸುರಿದದ್ದು ನವಿಲುತೀರ್ಥ ಅಣೆಕಟ್ಟು ತುಂಬಿ ನಮ್ಮ ಬಾಗಿಲಿಗೆ ಬರುತ್ತದೆ.

ಆ ದಿನಗಳಲ್ಲಿ ನಾವು ಟಿವಿಯ ಮೋಡದ ಚಿತ್ರ ನೋಡಿಕೊಂಡು ಕೂತಿದ್ದೆವು, ಅದನ್ನೇ ನಂಬಿದ್ದು ತಪ್ಪಾಯಿತು. ಆ ಚಿತ್ರ ತೋರಿಸುವುದು ಮೋಡದ ನೆತ್ತಿಯನ್ನು ಮಾತ್ರ. ಒಳಗೆ ಎಷ್ಟು ಮಳೆ ಇದೆ ಅಂತ ನೋಡಲು ರೇಡಾರ್ ಬೇಕು. ಅಮೆರಿಕ ಮತ್ತು ಜಪಾನ್ ಸೇರಿ 1997ರಲ್ಲಿ ಹಾರಿಸಿದ ಟಿಆರ್‌ಎಂಎಂ ಉಪಗ್ರಹದಲ್ಲಿ ಮೊದಲ ಬಾರಿಗೆ ಅಂಥ ಮಳೆ ರೇಡಾರ್ ಇತ್ತು. 2014ರಿಂದ ಜಿಪಿಎಂ ಉಪಗ್ರಹ ಆ ಕೆಲಸ ಮಾಡುತ್ತಿದೆ. 400 ಕಿ.ಮೀ.ಗಿಂತ ಹೆಚ್ಚು ಎತ್ತರದಿಂದ ರೇಡಿಯೊ ಅಲೆ ಬಿಟ್ಟು, ಹನಿಗಳಿಗೆ ತಾಗಿ ವಾಪಸು ಬಂದದ್ದನ್ನು ಅಳೆದು, ಯಾವ ಎತ್ತರದಲ್ಲಿ ಎಷ್ಟು ಮಳೆ ಇದೆ ಅಂತ ಹೇಳುತ್ತದೆ. ಒಂದೇ ಊರಿನ ಮೇಲೆ ನಿಲ್ಲುವುದಿಲ್ಲ, ಹಾಗಾಗಿ ನಾಳೆಯ ಮಳೆ ಅದರಿಂದ ಗೊತ್ತಾಗದು. ವರ್ಷಗಟ್ಟಲೆ ಲೆಕ್ಕ ಕೂಡಿಸಿದಾಗ ಯಾವ ಸೀಮೆಯ ಮಳೆ ಯಾವ ಥರ ಅನ್ನೋದು ಗೊತ್ತಾಗುತ್ತದೆ.

ಹಾಗೆ ಗೊತ್ತಾದದ್ದು ನಮ್ಮ ಭಾಗಕ್ಕೆ ಬಹಳ ಮುಖ್ಯ. ಎತ್ತರದ ಮೋಡ ಇದ್ದಲ್ಲೇ ದೊಡ್ಡ ಮಳೆ ಅಂತೇನಿಲ್ಲ. ಮುಂಗಾರಿನಲ್ಲಿ ಘಟ್ಟದ ಮೇಲೆ ಸುರಿಸುವ ಮೋಡಗಳು ಎಷ್ಟೋ ಸಲ ಗಿಡ್ಡ ಇರುತ್ತವೆ, ಗುಡುಗು ಸಿಡಿಲು ಕಡಿಮೆ, ಆದರೆ ಕಡಲ ಗಾಳಿ ಗುಡ್ಡಕ್ಕೆ ಬಡಿದು ಮೇಲೇರುತ್ತಲೇ ಇರುವುದರಿಂದ ಹಗಲು ರಾತ್ರಿ ಬಿಡದೆ ಹೊಯ್ಯುತ್ತವೆ. ನೆತ್ತಿ ಮಾತ್ರ ನೋಡುವ ಉಪಗ್ರಹ ಇಂಥ ಮಳೆಯನ್ನು ಕಡಿಮೆ ಅಂದಾಜು ಮಾಡುತ್ತದೆ. ನಮ್ಮ ಬಯಲಿನ ಏಪ್ರಿಲ್, ಮೇ ಮಳೆ ಬೇರೆ, ಅದು ಎತ್ತರದ ಮೋಡ, ಒಂದು ತಾಸಿನ ಅಬ್ಬರ. 2009ರ ಸೆಪ್ಟೆಂಬರ್ ಕೊನೆಯದು ಇನ್ನೂ ಬೇರೆ: ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಬಾಗಲಕೋಟೆ, ವಿಜಯಪುರದ ಮೇಲೇ ಸುರಿದು ಮಣ್ಣಿನ ಮಾಳಿಗೆ ಮನೆಗಳು ಕುಸಿದವು.

ಹೀಗಿರುವಾಗ ಇಡೀ ಬೆಳಗಾವಿ ಜಿಲ್ಲೆಗೆ ಒಂದೇ ಆರೆಂಜ್ ಅಲರ್ಟ್ ಅಂದರೆ ನಮಗೇನು ತಿಳಿಯಬೇಕು? ಖಾನಾಪುರವೂ ಅದೇ ಜಿಲ್ಲೆ, ಒಣ ಅಥಣಿಯೂ ಅದೇ ಜಿಲ್ಲೆ, ಅಲ್ವಾ?

ದಿನಕ್ಕೆ 204.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಅನ್ನುತ್ತದೆ. ಆ ಅಂಕಿ ಕಣಕುಂಬಿಯಲ್ಲಿ ದಾಟಿದ ದಿನ ನಮಗೆ ತಿಳಿಯಬೇಕು. ಮಳೆಗಾಲದಲ್ಲಿ ನೀವು ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಹಾಕುತ್ತೀರಿ. ಅದರ ಪಕ್ಕದಲ್ಲೇ ಮಲಪ್ರಭೆಗೆ ಕಣಕುಂಬಿ, ಜಾಂಬೋಟಿ, ಘಟಪ್ರಭೆಗೆ ಅಂಬೋಲಿ, ಕೃಷ್ಣೆಗೆ ಮಹಾಬಳೇಶ್ವರ, ಕೊಯ್ನಾ ಕಡೆಯ ಮಳೆಯನ್ನೂ ದಿನಾ ಹಾಕಿ. ನಾಲ್ಕು ಸಾಲಿನ ಜಾಗ ಸಾಕು. ಅದನ್ನು ನೋಡಿ ನಾವು ಚೀಲಗಳನ್ನು ಅಟ್ಟಕ್ಕೆ ಏರಿಸಿ, ದನಗಳನ್ನು ಬಿಚ್ಚಿ, ಹಿರಿಯರನ್ನು ಬೀಗರ ಊರಿಗೆ ಕಳಿಸಬಹುದು.

– ನಿಮ್ಮ ಓದುಗ, ಬಾದಾಮಿ ತಾಲ್ಲೂಕು